ಮೊದಲ ಮಹಾಯುದ್ಧ ರಣರಂಗದಲ್ಲಿ ಹೇಗೆ ನಡೆಯಿತು? ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಪುಸ್ತಕದಲ್ಲಿ ಮೊದಲ ಮಹಾಯುದ್ಧದ ಕಾರಣಗಳು ಇರುತ್ತವೆ, ಪರಿಣಾಮಗಳು ಇರುತ್ತವೆ. ನಡುವಿನ ನಾಲ್ಕು ವರ್ಷ ರಣರಂಗದಲ್ಲಿ ಏನಾಯಿತು ಅನ್ನೋದು ಒಂದೆರಡು ಸಾಲಲ್ಲಿ ಮುಗಿದುಹೋಗುತ್ತದೆ. ಆ ನಡುವಿನ ಭಾಗದ ಬಗ್ಗೆ ಜಾಸ್ತಿ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಮೈಸೂರಿನ ಕುದುರೆ ಸವಾರರ ಕಥೆಯೂ ಇದರಲ್ಲಿ ಬರುತ್ತದೆ. ಅದನ್ನು ಒಂಟಿಯಾಗಿ ಹೇಳಿದರೆ ಬರೀ ಹೆಮ್ಮೆಯ ಕಥೆ. ಇಡೀ ಯುದ್ಧದ ಜೊತೆ ಇಟ್ಟು ನೋಡಿದರೆ ಆ ಸವಾರರು ಯಾಕೆ ಗೆದ್ದರು ಅನ್ನೋದೂ ಗೊತ್ತಾಗುತ್ತದೆ.

ಯಾರು ಯಾರ ಕಡೆ ಇದ್ದರು?

ಒಂದು ಕಡೆ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೇರಿ. 1914ರ ಕೊನೆಗೆ ಆಟೊಮನ್ ಸಾಮ್ರಾಜ್ಯ, ಅಂದರೆ ತುರ್ಕಿ, ಇವರ ಜೊತೆ ಸೇರಿತು. 1915ರಲ್ಲಿ ಬಲ್ಗೇರಿಯಾ ಸೇರಿತು. ಇವರನ್ನು ಕೇಂದ್ರ ರಾಷ್ಟ್ರಗಳು ಅನ್ನುತ್ತಾರೆ. ಇನ್ನೊಂದು ಕಡೆ ಫ್ರಾನ್ಸ್, ರಷ್ಯಾ, ಬ್ರಿಟನ್, ಸರ್ಬಿಯಾ, ಬೆಲ್ಜಿಯಂ. ಇವರು ಮಿತ್ರರಾಷ್ಟ್ರಗಳು. ಜಪಾನ್ 1914ರಲ್ಲೇ ಬಂತು, ರೊಮೇನಿಯಾ 1916ರಲ್ಲಿ, ಅಮೆರಿಕ 1917ರಲ್ಲಿ. ಇಟಲಿಯದು ಸ್ವಲ್ಪ ಬೇರೆ. 1882ರಿಂದ ಜರ್ಮನಿ, ಆಸ್ಟ್ರಿಯಾ ಜೊತೆ ಒಪ್ಪಂದ ಇಟ್ಟುಕೊಂಡಿತ್ತು. ಯುದ್ಧ ಶುರುವಾದಾಗ ಸುಮ್ಮನೆ ಉಳಿಯಿತು, 1915ರ ಮೇ ತಿಂಗಳಲ್ಲಿ ಎದುರು ಪಾಳಯ ಸೇರಿತು.

ಸಾರಾಯೆವೊದಲ್ಲಿ ಹಾರಿದ ಗುಂಡಿಗೆ ಇಡೀ ಯುರೋಪ್ ಯಾಕೆ ಹೊತ್ತಿಕೊಂಡಿತು?

ಸಾರಾಯೆವೊ ಊರಿನಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನಾಂಡ್‌ನ ಕೊಲೆ ಆದದ್ದು 1914ರ ಜೂನ್ 28ಕ್ಕೆ. ಅದಕ್ಕೆ ಸರ್ಬಿಯಾವನ್ನು ಹೊಣೆ ಮಾಡಿ ಆಸ್ಟ್ರಿಯಾ ಅದರ ಮೇಲೆ ಯುದ್ಧ ಸಾರಿದ್ದು ಜುಲೈ 28ಕ್ಕೆ. ಅಲ್ಲಿಂದ ಒಂದೇ ವಾರದಲ್ಲಿ ರಷ್ಯಾ, ಜರ್ಮನಿ, ಫ್ರಾನ್ಸ್, ಬ್ರಿಟನ್ ಎಲ್ಲವೂ ಒಳಗೆ ಬಿದ್ದವು. ಒಪ್ಪಂದಗಳು ಒಂದು ಕಾರಣ. ಇನ್ನೊಂದು ಕಾರಣ ರೈಲಿನ ವೇಳಾಪಟ್ಟಿ. ಲಕ್ಷಗಟ್ಟಲೆ ಜನರನ್ನು ಮನೆಯಿಂದ ಕರೆಸಿ, ಬಂದೂಕು ಕೊಟ್ಟು, ಗಡಿಗೆ ಸಾಗಿಸುವ ಲೆಕ್ಕವನ್ನು ಸೇನಾ ಕಚೇರಿಗಳು ವರ್ಷಗಳಿಂದ ಹಾಕಿಟ್ಟಿದ್ದವು. ಎದುರಾಳಿ ಮೊದಲು ರೈಲು ಹೊರಡಿಸಿದರೆ ನಾವು ಸೋತೆವು ಅನ್ನುವ ಭಯ ಎಲ್ಲರಿಗೂ ಇತ್ತು. ಹಾಗಾಗಿ ಮಾತುಕತೆಗೆ ಬೇಕಾದ ದಿನಗಳೇ ಸಿಗಲಿಲ್ಲ.

ಜರ್ಮನಿಯ ಲೆಕ್ಕಾಚಾರ ಎಲ್ಲಿ ತಪ್ಪಿತು?

ಜರ್ಮನಿಗೆ ಎರಡೂ ಕಡೆ ಶತ್ರು. ಪಶ್ಚಿಮಕ್ಕೆ ಫ್ರಾನ್ಸ್, ಪೂರ್ವಕ್ಕೆ ರಷ್ಯಾ. ದೊಡ್ಡ ದೇಶವಾದ ರಷ್ಯಾ ಸೇನೆ ಕೂಡಿಸಲು ಸಮಯ ಹಿಡಿಯುತ್ತದೆ, ಅಷ್ಟರಲ್ಲಿ ಸುಮಾರು ಆರು ವಾರದಲ್ಲಿ ಫ್ರಾನ್ಸನ್ನು ಮುಗಿಸೋಣ, ಆಮೇಲೆ ಪೂರ್ವಕ್ಕೆ ತಿರುಗೋಣ ಅಂತ ಯೋಚನೆ. ಫ್ರಾನ್ಸ್ ಗಡಿಯಲ್ಲಿ ಕೋಟೆಗಳಿದ್ದವು. ಅದಕ್ಕೇ ತಟಸ್ಥವಾಗಿದ್ದ ಬೆಲ್ಜಿಯಂ ಮೂಲಕ ನುಗ್ಗಿದರು. ಆ ಕಾರಣಕ್ಕೆ ಬ್ರಿಟನ್ ಆಗಸ್ಟ್ 4ಕ್ಕೆ ಯುದ್ಧಕ್ಕಿಳಿಯಿತು.

ನಕ್ಷೆಯ ಮೇಲೆ ಚೆನ್ನಾಗಿ ಕಾಣುವ ಯೋಜನೆ. ಆದರೆ ಬೆಲ್ಜಿಯಂ ದಾಟಿದ ಮೇಲೆ ಜರ್ಮನ್ ಸೈನಿಕರು ನಡೆಯಲೇಬೇಕಿತ್ತು. ಬಲಗಡೆಯ ತುದಿಯಲ್ಲಿದ್ದ ಮೊದಲ ಸೇನೆ ಆಗಸ್ಟ್ ಬಿಸಿಲಲ್ಲಿ ದಿನಕ್ಕೆ ಮೂವತ್ತು ಕಿಲೋಮೀಟರ್‌ಗಟ್ಟಲೆ ನಡೆಯಿತು. ಊಟ, ಮದ್ದುಗುಂಡು ಹಿಂದೆ ಬಿದ್ದವು. ಫ್ರೆಂಚರು ಮಾತ್ರ ತಮ್ಮ ರೈಲುಗಳಲ್ಲಿ ಸೈನಿಕರನ್ನು ಪ್ಯಾರಿಸ್ ಕಡೆಗೆ ಸರಸರ ಸಾಗಿಸುತ್ತಿದ್ದರು. ಸೆಪ್ಟೆಂಬರ್ ಮೊದಲ ವಾರ ಮಾರ್ನ್ ನದಿಯ ಹತ್ತಿರ ಜರ್ಮನಿಯ ಮೊದಲ ಮತ್ತು ಎರಡನೇ ಸೇನೆಗಳ ನಡುವೆ ದೊಡ್ಡ ಸಂದು ಬಿತ್ತು. ಫ್ರೆಂಚರು, ಬ್ರಿಟಿಷರು ಅದರೊಳಗೆ ನುಗ್ಗಿದರು. ಜರ್ಮನರು ಹಿಂದೆ ಸರಿದರು. ಪ್ಯಾರಿಸ್‌ನ ಟ್ಯಾಕ್ಸಿಗಳಲ್ಲಿ ಸೈನಿಕರನ್ನು ಸಾಗಿಸಿದ ಕಥೆ ತುಂಬ ಪ್ರಸಿದ್ಧ, ನಡೆದದ್ದೂ ನಿಜ. ಆದರೆ ಟ್ಯಾಕ್ಸಿಯಲ್ಲಿ ಹೋದವರು ಕೆಲವು ಸಾವಿರ ಜನ ಮಾತ್ರ. ಫ್ರಾನ್ಸನ್ನು ಉಳಿಸಿದ್ದು ರೈಲು.

ಕಂದಕಗಳು ಹೇಗೆ ಹುಟ್ಟಿದವು? ನಾಲ್ಕು ವರ್ಷ ಆ ಗೆರೆ ಯಾಕೆ ಕದಲಲಿಲ್ಲ?

ಮಾರ್ನ್ ಆದ ಮೇಲೆ ಹಿಂದೆ ಸರಿದ ಜರ್ಮನರು ಎನ್ ನದಿಯ ಮೇಲಿನ ದಿಬ್ಬಗಳಲ್ಲಿ ನೆಲ ತೋಡಿ ಕೂತರು. ಎದುರಿನವರೂ ತೋಡಿದರು. ಪಕ್ಕದಿಂದ ಸುತ್ತುವರಿಯೋಣ ಅಂತ ಇಬ್ಬರೂ ಉತ್ತರಕ್ಕೆ ಸರಿಯುತ್ತಾ ಹೋದರು. ನವೆಂಬರ್ ಹೊತ್ತಿಗೆ ಸ್ವಿಟ್ಜರ್‌ಲ್ಯಾಂಡ್ ಗಡಿಯಿಂದ ಉತ್ತರ ಸಮುದ್ರದವರೆಗೆ ಸುಮಾರು 700 ಕಿಲೋಮೀಟರ್ ಕಂದಕದ ಸಾಲು. ಸುತ್ತಿ ಹೋಗಲು ಪಕ್ಕ ಅನ್ನೋದೇ ಉಳಿಯಲಿಲ್ಲ.

ಆಮೇಲೆ ಯಾಕೆ ಕದಲಲಿಲ್ಲ? ಮಷೀನ್ ಗನ್, ಮುಳ್ಳುತಂತಿ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಉತ್ತರ. ಸಾಕಷ್ಟು ಫಿರಂಗಿ ಇದ್ದರೆ ಮೊದಲ ಸಾಲಿನ ಕಂದಕ ಹಿಡಿಯುವುದು ಸಾಧ್ಯವಿತ್ತು. 1915ರಿಂದಲೇ ಅದು ಮತ್ತೆ ಮತ್ತೆ ಆಗಿದೆ. ಕಷ್ಟ ಇದ್ದದ್ದು ಅದರ ಮುಂದಿನ ಹೆಜ್ಜೆಯಲ್ಲಿ. ದಾಳಿ ಮಾಡಿದವನು ಶೆಲ್, ಅಂದರೆ ಸಿಡಿಯುವ ಫಿರಂಗಿ ಗುಂಡು, ಬಿದ್ದು ಹೊಂಡವಾದ ಕೆಸರಿನಲ್ಲಿ ಕಾಲ್ನಡಿಗೆಯಲ್ಲಿ ಮುಂದೆ ಹೋಗಬೇಕು. ಅವನ ಫಿರಂಗಿಗಳನ್ನೂ ಅದೇ ಕೆಸರಲ್ಲಿ ಎಳೆದು ತರಬೇಕು. ಎದುರಾಳಿಯ ಬೆನ್ನ ಹಿಂದೆ ಮಾತ್ರ ಹಾಳಾಗದ ರಸ್ತೆ ಇದೆ, ರೈಲಿದೆ, ಟೆಲಿಫೋನ್ ಇದೆ. ಅವನ ಮೀಸಲು ಪಡೆ ರೈಲಿನಲ್ಲಿ ಬಂದಿಳಿದು ಹೊಸ ಕಂದಕ ತೋಡಿ ಕೂರುತ್ತದೆ. ದಾಳಿ ಮಾಡಿದ ದಳಪತಿಗೆ ತನ್ನ ಸೈನಿಕರು ಎಲ್ಲಿದ್ದಾರೆ ಅನ್ನೋದೇ ಗೊತ್ತಾಗುತ್ತಿರಲಿಲ್ಲ. ಹೊತ್ತು ಒಯ್ಯುವಂಥ ರೇಡಿಯೋ ಆಗ ಇಲ್ಲ, ಟೆಲಿಫೋನ್ ತಂತಿ ಶೆಲ್‌ಗೆ ತುಂಡಾಗುತ್ತದೆ, ಸುದ್ದಿ ಓಟಗಾರನ ಕಾಲಿನ ಮೇಲೆ ಬರಬೇಕು.

ದಾಳಿ ಮಾಡುವವನು ನಡೆಯುತ್ತಾನೆ, ತಡೆಯುವವನು ರೈಲಲ್ಲಿ ಬರುತ್ತಾನೆ. ಪಶ್ಚಿಮ ರಂಗದ ನಾಲ್ಕು ವರ್ಷದ ಸಾವುಗಳ ಹಿಂದೆ ಈ ಒಂದು ಸಂಗತಿ ಇದೆ. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಬಹಳ ಪ್ರಶ್ನೆಗಳಿಗೆ ಉತ್ತರ ತಾನಾಗೇ ಸಿಗುತ್ತದೆ.

ಸೊಮ್ ಕದನದ ಮೊದಲ ದಿನ ನಿಜವಾಗಿ ಏನಾಯಿತು?

1916ರ ಜುಲೈ 1, ಫ್ರಾನ್ಸ್‌ನ ಸೊಮ್ ನದಿಯ ಬಳಿ. ಬ್ರಿಟಿಷರು ಅದಕ್ಕೂ ಮೊದಲು ಏಳು ದಿನ ಎಡೆಬಿಡದೆ ಹದಿನೈದು ಲಕ್ಷಕ್ಕೂ ಹೆಚ್ಚು ಶೆಲ್ ಹಾರಿಸಿದ್ದರು. ಅಷ್ಟಾದ ಮೇಲೆ ಎದುರಿಗೆ ಯಾರೂ ಉಳಿದಿರಲ್ಲ ಅನ್ನುವ ನಂಬಿಕೆ. ಆದರೆ ಬಹಳಷ್ಟು ಶೆಲ್‌ಗಳು ಸಿಡಿಯಲೇ ಇಲ್ಲ. ಸಿಡಿದವುಗಳಲ್ಲೂ ಹೆಚ್ಚಿನವು ಆಳದ ನೆಲಮಾಳಿಗೆಯನ್ನು ಒಡೆಯುವಂಥವಲ್ಲ. ಜರ್ಮನರು ಸುಣ್ಣದ ನೆಲವನ್ನು ಇಪ್ಪತ್ತು ಮೂವತ್ತು ಅಡಿ ಆಳ ಕೊರೆದು ಒಳಗೆ ಕೂತಿದ್ದರು. ಬೆಳಿಗ್ಗೆ 7:30ಕ್ಕೆ ಫಿರಂಗಿ ದಾಳಿ ಹಿಂದಿನ ಸಾಲುಗಳಿಗೆ ಸರಿಯಿತು. ಜರ್ಮನರು ಮೆಟ್ಟಿಲು ಹತ್ತಿ ಮೇಲೆ ಬಂದು ಮಷೀನ್ ಗನ್ ಹೂಡಿದರು. ಬ್ರಿಟಿಷ್ ಸೈನಿಕರು ಸುಮಾರು ಮೂವತ್ತು ಕಿಲೋ ಹೊತ್ತುಕೊಂಡು ಬಯಲಿಗೆ ಇಳಿದಿದ್ದರು.

ಬೊಮೊಂ ಹಮೆಲ್ ಅನ್ನುವ ಹಳ್ಳಿಯ ಎದುರು ನ್ಯೂಫೌಂಡ್‌ಲ್ಯಾಂಡ್ ರೆಜಿಮೆಂಟ್ ಇತ್ತು. ಮೊದಲ ಅಲೆಗಳು ಆಗಲೇ ನೆಲಕಚ್ಚಿದ್ದವು. ಮುಂದಿನ ಕಂದಕಕ್ಕೆ ಹೋಗುವ ದಾರಿಗಳೆಲ್ಲ ಸತ್ತವರು, ಗಾಯಾಳುಗಳಿಂದ ಕಟ್ಟಿಹೋಗಿದ್ದವು. ಹಾಗಾಗಿ ಇವರು ಹಿಂದಿನ ಕಂದಕದಿಂದಲೇ ಮೇಲೆದ್ದು ಬಯಲಲ್ಲಿ ನಡೆದರು. ತಮ್ಮದೇ ಮುಳ್ಳುತಂತಿಯ ಸಂದುಗಳಲ್ಲಿ ಗುಂಪಾಗಿ ನುಸುಳಬೇಕಾಯಿತು, ಆ ಸಂದುಗಳ ಮೇಲೆ ಮಷೀನ್ ಗನ್ ಗುರಿ ಇತ್ತು. ಅರ್ಧ ಗಂಟೆಯೊಳಗೆ ಮುಗಿಯಿತು. ಹೊರಟವರು ಸುಮಾರು 800 ಜನ. ಮರುದಿನ ಹಾಜರಿ ಕರೆದಾಗ ಓಗೊಟ್ಟವರು 68.

ಆ ಒಂದು ದಿನ ಬ್ರಿಟಿಷ್ ಸೇನೆಯ ಸಾವುನೋವು 57,470. ಅದರಲ್ಲಿ ಸತ್ತವರು 19,240. ಅದೇ ದಿನ ದಕ್ಷಿಣದ ತುದಿಯಲ್ಲಿ ಫ್ರೆಂಚರು ಮತ್ತು ಅವರ ಪಕ್ಕದ ಬ್ರಿಟಿಷ್ ಡಿವಿಜನ್‌ಗಳು (ಸಾವಿರಾರು ಸೈನಿಕರ ದೊಡ್ಡ ಪಡೆಗಳು) ಗುರಿ ಮುಟ್ಟಿದರು. ಅಲ್ಲಿ ದೊಡ್ಡ ಫಿರಂಗಿಗಳು ಜಾಸ್ತಿ ಇದ್ದವು. ಇದನ್ನು ಹೇಳದೆ ಬಿಟ್ಟರೆ ಸೊಮ್ ಬರೀ ಮೂರ್ಖತನ ಅನ್ನಿಸುತ್ತದೆ. ಪಾಠ ಕಲಿಯಲು ಸಾಧ್ಯವಿತ್ತು, ಕಲಿತರು ಕೂಡ. ಆದರೆ ಕಲಿಯುವ ಹೊತ್ತಿಗೆ ಆದ ಖರ್ಚು ಜನರ ಜೀವ.

ಇನ್ನೊಂದು ಮಾತು. ಅದೇ ಕದನದಲ್ಲಿ ಜುಲೈ 14ರ ಸಂಜೆ ಭಾರತೀಯ ಸೇನೆಯ ಡೆಕ್ಕನ್ ಹಾರ್ಸ್ ಸವಾರರು ಈಟಿ ಹಿಡಿದು ಹೈ ವುಡ್ ಎಂಬ ಕಾಡಿನ ಪಕ್ಕ ನುಗ್ಗಿದರು. ಸ್ವಲ್ಪ ನೆಲ ಸಿಕ್ಕಿತು, ಮರುದಿನ ವಾಪಸ್ ಬರಬೇಕಾಯಿತು. ಫ್ರಾನ್ಸ್‌ನಲ್ಲಿ ಕುದುರೆಗೆ ಓಡಲು ಜಾಗವೇ ಇರಲಿಲ್ಲ.

ವರ್ಡುನ್‌ನಲ್ಲಿ ಏನಾಯಿತು?

ವರ್ಡುನ್ ಫ್ರಾನ್ಸ್‌ನ ಒಂದು ಕೋಟೆ ಊರು. ಕದನ ನಡೆದದ್ದು 1916ರ ಫೆಬ್ರವರಿ 21ರಿಂದ ಡಿಸೆಂಬರ್‌ವರೆಗೆ. ಜರ್ಮನಿಯ ಸೇನಾ ಮುಖ್ಯಸ್ಥ ಫಾಲ್ಕನ್‌ಹೈನ್ ಇಲ್ಲಿ ಫ್ರೆಂಚ್ ಸೇನೆಯ ರಕ್ತ ಬಸಿಯಲು ಹೊರಟ. ಎರಡೂ ಕಡೆಯ ರಕ್ತ ಬಸಿಯಿತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು ಏಳು ಲಕ್ಷ. ಊರಿಗೆ ಹೋಗುವ ಮುಖ್ಯ ರೈಲು ದಾರಿ ಕಡಿದುಹೋಗಿತ್ತು. ಬಾರ್-ಲ-ಡ್ಯುಕ್‌ನಿಂದ ಬರುವ ಒಂದೇ ರಸ್ತೆಯಲ್ಲಿ ಹಗಲೂ ರಾತ್ರಿ ಲಾರಿ ಓಡಿಸಿ ಫ್ರೆಂಚರು ತಡೆದುಕೊಂಡರು. ಜನರಲ್ ಪೆತಾಂ ಡಿವಿಜನ್‌ಗಳನ್ನು ಸರದಿ ಮೇಲೆ ಕಳಿಸಿ ವಾಪಸ್ ಕರೆಸುತ್ತಿದ್ದ. ಹಾಗಾಗಿ ಫ್ರೆಂಚ್ ಸೇನೆಯ ಬಹುಪಾಲು ಆ ನರಕವನ್ನು ಕಂಡಿತು. 1917ರಲ್ಲಿ ಫ್ರೆಂಚ್ ಸೇನಾಪತಿ ನಿವೆಲ್‌ನ ಇನ್ನೊಂದು ದಾಳಿ ಸೋತಾಗ ಆ ಸೈನಿಕರೇ ಮುಂದೆ ಹೋಗಲ್ಲ ಅಂದರು. ಕಂದಕ ಕಾಯುತ್ತೇವೆ, ಸುಮ್ನೆ ಸಾಯೋಕೆ ಹೋಗಲ್ಲ ಅನ್ನೋದು ಅವರ ಹಟ. ಪೆತಾಂ ರಜೆ, ಊಟ ಸುಧಾರಿಸಿ, ಕೆಲವರಿಗೆ ಮರಣದಂಡನೆ ಕೊಟ್ಟು ಸೇನೆಯನ್ನು ಹತೋಟಿಗೆ ತಂದ.

ರಷ್ಯಾದ ಕಡೆ ಕಂದಕ ಇರಲಿಲ್ಲವಾ?

ಇತ್ತು, ಆದರೆ ರಂಗ ತುಂಬ ಉದ್ದ, ಸೈನಿಕರು ವಿರಳ, ರೈಲು ಕಡಿಮೆ. ಹಾಗಾಗಿ ಗೆರೆ ನೂರಾರು ಕಿಲೋಮೀಟರ್ ಹಿಂದೆ ಮುಂದೆ ಆಗುತ್ತಿತ್ತು. 1914ರ ಆಗಸ್ಟ್ ಕೊನೆಯಲ್ಲಿ ಟಾನೆನ್‌ಬರ್ಗ್ ಬಳಿ ಜರ್ಮನ್ ಸೇನಾಪತಿಗಳಾದ ಹಿಂಡೆನ್‌ಬರ್ಗ್ ಮತ್ತು ಲೂಡೆಂಡಾರ್ಫ್ ರಷ್ಯಾದ ಒಂದು ಇಡೀ ಸೇನೆಯನ್ನು ಸುತ್ತುವರಿದರು. ರಷ್ಯನ್ನರು ರೇಡಿಯೋ ಸಂದೇಶಗಳನ್ನು ಗುಪ್ತಲಿಪಿ ಇಲ್ಲದೆ ಕಳಿಸುತ್ತಿದ್ದರು, ಜರ್ಮನರು ಕೇಳಿಸಿಕೊಂಡರು. ಸೋತ ಸೇನಾಪತಿ ಸ್ಯಾಮ್ಸನಾಫ್ ಕಾಡಿನಲ್ಲಿ ಗುಂಡು ಹಾರಿಸಿಕೊಂಡ.

ಹಾಗಂತ ರಷ್ಯಾ ಬರೀ ಸೋತಿತು ಅನ್ನುವುದು ಅನ್ಯಾಯ. 1916ರ ಜೂನ್ 4ಕ್ಕೆ ರಷ್ಯಾದ ಜನರಲ್ ಬ್ರುಸಿಲಾಫ್ ಅಗಲವಾದ ರಂಗದಲ್ಲಿ, ಹಲವು ಕಡೆ ಒಮ್ಮೆಲೇ, ಚಿಕ್ಕ ಆದರೆ ನಿಖರವಾದ ಫಿರಂಗಿ ದಾಳಿಯ ಹಿಂದೆ ನುಗ್ಗಿದ. ಎಲ್ಲಿಗೆ ಮೀಸಲು ಪಡೆ ಕಳಿಸಬೇಕು ಅಂತ ಆಸ್ಟ್ರಿಯನ್ನರಿಗೆ ಗೊತ್ತಾಗಲೇ ಇಲ್ಲ. ಲಕ್ಷಗಟ್ಟಲೆ ಜನ ಸೆರೆಯಾದರು. ನನ್ನ ಪ್ರಕಾರ ಆ ವರ್ಷ ಅತಿ ಚೆನ್ನಾಗಿ ಯೋಚಿಸಿ ಮಾಡಿದ ದಾಳಿ ಇದೇ. ಆದರೆ ರಷ್ಯಾದ ಒಳಗಿನ ಸ್ಥಿತಿ ಕುಸಿಯುತ್ತಿತ್ತು. 1917ರಲ್ಲಿ ಎರಡು ಕ್ರಾಂತಿ ಆದವು. 1918ರ ಮಾರ್ಚ್ 3ಕ್ಕೆ ಬ್ರೆಸ್ಟ್-ಲಿಟೊವ್ಸ್ಕ್ ಒಪ್ಪಂದ ಮಾಡಿಕೊಂಡು ರಷ್ಯಾ ಹೊರಬಂತು.

ವಿಷಾನಿಲ, ಟ್ಯಾಂಕ್ ಇವುಗಳಿಂದ ಯುದ್ಧ ಗೆದ್ದರಾ?

ಒಂದರಿಂದಲೇ ಯಾರೂ ಗೆಲ್ಲಲಿಲ್ಲ. 1915ರ ಏಪ್ರಿಲ್ 22ಕ್ಕೆ ಬೆಲ್ಜಿಯಂನ ಈಪ್ರ್ ಬಳಿ ಜರ್ಮನರು ಸಾವಿರಾರು ಸಿಲಿಂಡರ್‌ಗಳಿಂದ ಕ್ಲೋರಿನ್ ಬಿಟ್ಟರು. ಫ್ರೆಂಚ್ ಸಾಲಿನಲ್ಲಿ ಕಿಲೋಮೀಟರ್‌ಗಟ್ಟಲೆ ಜಾಗ ಖಾಲಿಯಾಯಿತು. ಆದರೆ ಆ ಜಾಗದೊಳಗೆ ನುಗ್ಗಲು ಜರ್ಮನರು ಸಾಕಷ್ಟು ಸೈನಿಕರನ್ನೇ ಇಟ್ಟುಕೊಂಡಿರಲಿಲ್ಲ. ಕೆಲವೇ ತಿಂಗಳಲ್ಲಿ ಎರಡೂ ಕಡೆ ಅನಿಲವೂ ಬಂತು, ಮುಖವಾಡವೂ ಬಂತು.

ಟ್ಯಾಂಕ್ ಮೊದಲು ಬಂದದ್ದು 1916ರ ಸೆಪ್ಟೆಂಬರ್ 15ಕ್ಕೆ, ಸೊಮ್‌ನಲ್ಲಿ. 1918ರ ಆಗಸ್ಟ್ 8ಕ್ಕೆ ಫ್ರಾನ್ಸ್‌ನ ಅಮಿಯೆನ್ಸ್ ಬಳಿ ಬ್ರಿಟಿಷರು 400ಕ್ಕೂ ಹೆಚ್ಚು ಹೋರಾಟದ ಟ್ಯಾಂಕ್ ಇಳಿಸಿದರು. ಮರುದಿನ ಓಡುವ ಸ್ಥಿತಿಯಲ್ಲಿ ಉಳಿದದ್ದು 145. ಒಳಗೆ ಸೆಕೆ, ಇಂಜಿನ್ ಹೊಗೆ, ವೇಗ ಮನುಷ್ಯನ ನಡಿಗೆಯಷ್ಟು. ಫಿರಂಗಿ, ಕಾಲಾಳು, ವಿಮಾನ, ಟ್ಯಾಂಕ್ ನಾಲ್ಕನ್ನೂ ಜೋಡಿಸಿ ಬಳಸುವುದು ಕಲಿತ ಮೇಲೆ ದಾಳಿಗಳು ಗೆಲ್ಲತೊಡಗಿದವು.

ಸಮುದ್ರದಲ್ಲಿ ಏನು ನಡೆಯಿತು?

ದೊಡ್ಡ ಹಡಗುಗಳ ದೊಡ್ಡ ಕದನ ಒಂದೇ. 1916ರ ಮೇ 31, ಜೂನ್ 1ರ ಜಟ್‌ಲ್ಯಾಂಡ್. ಬ್ರಿಟಿಷರು 14 ಹಡಗು ಕಳೆದುಕೊಂಡರು, ಜರ್ಮನರು 11. ಲೆಕ್ಕದಲ್ಲಿ ಜರ್ಮನಿಗೆ ಮೇಲುಗೈ, ಆದರೂ ಸಮುದ್ರ ಬ್ರಿಟನ್ ಕೈಯಲ್ಲೇ ಉಳಿಯಿತು. ಬ್ರಿಟನ್ ಹಾಕಿದ್ದ ದಿಗ್ಬಂಧನದಿಂದ ಜರ್ಮನ್ ಊರುಗಳಲ್ಲಿ ಊಟಕ್ಕೆ ತತ್ವಾರ ಬಂತು. 1916-17ರ ಚಳಿಗಾಲದಲ್ಲಿ ಆಲೂಗಡ್ಡೆ ಬೆಳೆ ಕೈಕೊಟ್ಟು ಜನ ಟರ್ನಿಪ್ ತಿಂದು ದಿನ ತಳ್ಳಿದರು.

ಜರ್ಮನಿಯ ಉತ್ತರ ಸಬ್‌ಮರೀನ್. 1917ರ ಫೆಬ್ರವರಿಯಿಂದ ಯಾವ ದೇಶದ ಹಡಗಾದರೂ ಮುನ್ಸೂಚನೆ ಇಲ್ಲದೆ ಮುಳುಗಿಸತೊಡಗಿದರು. ಆ ಏಪ್ರಿಲ್ ಒಂದರಲ್ಲೇ ಎಂಟು ಲಕ್ಷ ಟನ್‌ಗಿಂತ ಜಾಸ್ತಿ ಹಡಗು ಮುಳುಗಿತು. ಹಡಗುಗಳನ್ನು ಗುಂಪಾಗಿ ಕಾವಲಿನಲ್ಲಿ ಕಳಿಸುವ ಪದ್ಧತಿ ಬಂದ ಮೇಲೆ ಬ್ರಿಟನ್ ಬಚಾವಾಯಿತು. ಇದೇ ಸಬ್‌ಮರೀನ್ ದಾಳಿಗಳು ಅಮೆರಿಕವನ್ನು 1917ರ ಏಪ್ರಿಲ್ 6ಕ್ಕೆ ಯುದ್ಧಕ್ಕೆ ಎಳೆದವು.

ನಮ್ಮ ಹತ್ತಿರದ ಘಟನೆ ಎಂಡೆನ್ ಹಡಗಿನದು. 1914ರ ಸೆಪ್ಟೆಂಬರ್ 22ರ ರಾತ್ರಿ ಈ ಜರ್ಮನ್ ಹಡಗು ಮದ್ರಾಸಿನ ಎಣ್ಣೆ ಟ್ಯಾಂಕ್‌ಗಳ ಮೇಲೆ ಶೆಲ್ ಹಾರಿಸಿ ಬೆಂಕಿ ಹಚ್ಚಿತು. ಹೆದರಿದ ಜನ ಊರು ಬಿಟ್ಟು ಹೊರಟರು. ನವೆಂಬರ್ 9ಕ್ಕೆ ಕೊಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯಾದ ಸಿಡ್ನಿ ಹಡಗು ಅದರ ಕಥೆ ಮುಗಿಸಿತು.

ಭಾರತೀಯ ಸೈನಿಕರು ಎಲ್ಲೆಲ್ಲಿ ಹೋರಾಡಿದರು?

ಎಲ್ಲಿ ಇಲ್ಲ ಅಂತ ಕೇಳಬೇಕು! ಸೈನಿಕರು, ಕೂಲಿಯಾಳುಗಳು ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿದರು. ಸುಮಾರು 74,000 ಜನ ವಾಪಸ್ ಬರಲಿಲ್ಲ. 1914ರ ಸೆಪ್ಟೆಂಬರ್ ಕೊನೆಯಿಂದ ಲಾಹೋರ್, ಮೀರತ್ ಡಿವಿಜನ್‌ಗಳು ಫ್ರಾನ್ಸ್‌ನ ಮಾರ್ಸೇಯ್ ಬಂದರಿನಲ್ಲಿ ಇಳಿದವು. ಬೇಸಿಗೆಯ ಬಟ್ಟೆಯಲ್ಲೇ ಬಂದವರು ಈಪ್ರ್‌ನ ಚಳಿಯಲ್ಲಿ ಕಂದಕ ಸೇರಿದರು. ಅಕ್ಟೋಬರ್ 31ಕ್ಕೆ ಖುದಾದಾದ್ ಖಾನ್ ತನ್ನ ಮಷೀನ್ ಗನ್ ತಂಡದವರೆಲ್ಲ ಸತ್ತ ಮೇಲೂ ಹೋರಾಡಿ, ಭಾರತೀಯ ಸೇನೆಯಲ್ಲಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ದೇಶೀ ಸೈನಿಕನಾದ.

1914ರ ನವೆಂಬರ್‌ನಲ್ಲಿ ಜರ್ಮನರ ಕೈಯಲ್ಲಿದ್ದ ಪೂರ್ವ ಆಫ್ರಿಕಾದ ಟಾಂಗಾ ಬಂದರಿನ ಮೇಲೆ ದಾಳಿಗೆ ಹೋದ ಪಡೆಗಳಲ್ಲಿ ಒಂದು ಬೆಂಗಳೂರು ಬ್ರಿಗೇಡ್. ತಯಾರಿ ಇರಲಿಲ್ಲ, ನೆಲದ ಪರಿಚಯ ಇರಲಿಲ್ಲ. ಎಂಟು ಸಾವಿರದ ಪಡೆ ಒಂದು ಸಾವಿರದಷ್ಟು ಜನರ ಎದುರು ಸೋತು ಹಡಗು ಹತ್ತಿತು. ಗುಂಡಿನ ಸದ್ದಿಗೆ ಎದ್ದ ಜೇನುಹುಳುಗಳೂ ಅವತ್ತು ಸೈನಿಕರನ್ನು ಅಟ್ಟಿಸಿದವು. ಸೈನಿಕರನ್ನು ಹೇಡಿಗಳು ಅಂತ ಆಮೇಲೆ ಜರೆದವರಿದ್ದಾರೆ. ವಾರಗಟ್ಟಲೆ ಹಡಗಿನಲ್ಲಿ ತುಂಬಿ ತಂದು, ನೇರ ಕಾಡಿಗೆ ಇಳಿಸಿದ ಅಧಿಕಾರಿಗಳದ್ದೇ ಆ ಸೋಲು.

ಎಲ್ಲಕ್ಕಿಂತ ಜಾಸ್ತಿ ಭಾರತೀಯರು ಹೋದದ್ದು ಮೆಸೊಪೊಟೇಮಿಯಕ್ಕೆ, ಈಗಿನ ಇರಾಕ್‌ಗೆ. ಅಲ್ಲಿ ಬ್ರಿಟಿಷ್ ಜನರಲ್ ಟೌನ್‌ಶೆಂಡ್ ಬಾಗ್ದಾದ್ ಹಿಡಿಯಲು ಹೋಗಿ, ಹಿಂದೆ ಸರಿದು, ಕೂತ್ ಎಂಬ ಊರಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿಬಿದ್ದ. ಊಟ ಮುಗಿಯಿತು. ಕುದುರೆ, ಹೇಸರಗತ್ತೆ ಕಡಿದರು. ಅದನ್ನು ತಿನ್ನಲೊಪ್ಪದ ಭಾರತೀಯ ಸೈನಿಕರು ಹಿಡಿ ಹಿಟ್ಟಿನಲ್ಲಿ ದಿನ ಕಳೆದರು. 1916ರ ಏಪ್ರಿಲ್ 29ಕ್ಕೆ ಸುಮಾರು 13,000 ಜನ ಶರಣಾದರು. ಟೌನ್‌ಶೆಂಡ್ ಇಸ್ತಾಂಬುಲ್ ಬಳಿಯ ದ್ವೀಪವೊಂದರಲ್ಲಿ ಸುಖವಾಗಿದ್ದ. ಅವನ ಸೈನಿಕರನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು, ಸಾವಿರಾರು ಜನ ದಾರಿಯಲ್ಲಿ, ಕೂಲಿ ಶಿಬಿರಗಳಲ್ಲಿ ಸತ್ತರು. ಈ ಸಾವುಗಳು ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲದಿರುವುದು ನನಗೆ ಬಹಳ ಸಂಕಟದ ವಿಷಯ.

ಮೈಸೂರು ಲ್ಯಾನ್ಸರ್ಸ್ ಹೈಫಾದಲ್ಲಿ ಮಾಡಿದ್ದೇನು? ಮಷೀನ್ ಗನ್ ಎದುರು ಕುದುರೆ ಹೇಗೆ ಗೆದ್ದಿತು?

ನಾಲ್ವಡಿ ಕೃಷ್ಣರಾಜ ಒಡೆಯರ್ ಯುದ್ಧಕ್ಕೆ 50 ಲಕ್ಷ ರೂಪಾಯಿ ಕೊಟ್ಟರು. ಜೊತೆಗೆ ಸಂಸ್ಥಾನದ ಈಟಿ ಸವಾರರನ್ನೂ, ಅಂದರೆ ಲ್ಯಾನ್ಸರ್ಸ್‌ನ್ನೂ, ಕಳಿಸಿದರು. ಮೈಸೂರು, ಜೋಧ್‌ಪುರ, ಹೈದರಾಬಾದ್ ಸಂಸ್ಥಾನಗಳ ಸವಾರರು 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳದಲ್ಲಿದ್ದರು. ಮೈಸೂರಿನವರ ಮೊದಲ ವರ್ಷಗಳು ಈಜಿಪ್ಟ್‌ನ ಸೂಯೆಜ್ ಕಾಲುವೆ ಕಾಯುವುದರಲ್ಲಿ ಹೋದವು.

1918ರ ಸೆಪ್ಟೆಂಬರ್ 19ಕ್ಕೆ ಬ್ರಿಟಿಷ್ ಜನರಲ್ ಅಲೆನ್‌ಬಿ ಪ್ಯಾಲೆಸ್ಟೈನ್‌ನಲ್ಲಿ ತುರ್ಕರ ಸಾಲನ್ನು ಸಮುದ್ರ ತೀರದ ಕಡೆ ಒಡೆದ. ಫ್ರಾನ್ಸ್‌ನಲ್ಲಿ ಆಗದೇ ಇದ್ದದ್ದು ಇಲ್ಲಿ ಆಯಿತು. ವಿಮಾನಗಳು ಮೊದಲೇ ತುರ್ಕರ ಟೆಲಿಫೋನ್ ಕೇಂದ್ರಗಳ ಮೇಲೆ ಬಾಂಬ್ ಹಾಕಿದ್ದವು. ತುರ್ಕರ ವಿರುದ್ಧ ದಂಗೆ ಎದ್ದಿದ್ದ ಅರಬ್ ಪಡೆಗಳು ದೆರಾ ಎಂಬ ಊರಿನ ಬಳಿ ರೈಲು ಹಳಿ ಕಿತ್ತಿದ್ದವು. ಮೀಸಲು ಪಡೆ ತರಲು ತುರ್ಕರಿಗೆ ರೈಲೂ ಇಲ್ಲ, ಜನವೂ ಇಲ್ಲ. ಬಿದ್ದ ಬಿರುಕು ಮುಚ್ಚಲಿಲ್ಲ. ಅದರೊಳಗಿಂದ ಸವಾರರು ಓಡಿದರು.

ಸೆಪ್ಟೆಂಬರ್ 23. ಹೈಫಾ ಊರು ಕಾರ್ಮೆಲ್ ಗುಡ್ಡಕ್ಕೂ ಸಮುದ್ರಕ್ಕೂ ನಡುವೆ ಇದೆ. ಊರಿಗೆ ಹೋಗುವ ದಾರಿಯ ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಕೀಶೋನ್ ನದಿಯ ಜೌಗು. ಗುಡ್ಡದ ಮೇಲೆ ಫಿರಂಗಿ, ಕೆಳಗೆ ಮಷೀನ್ ಗನ್. ಹಿಂದಿನ ದಿನ ಶಸ್ತ್ರಸಜ್ಜಿತ ಕಾರುಗಳು ಹೋಗಿ ಏಟು ತಿಂದು ಬಂದಿದ್ದವು. ಮೈಸೂರಿನ ಒಂದು ಸ್ಕ್ವಾಡ್ರನ್, ಅಂದರೆ ಸವಾರರ ತುಕಡಿ, ಗುಡ್ಡ ಹತ್ತಿತು. ದಾರಿ ಎಷ್ಟು ಕಡಿದಾಗಿತ್ತೆಂದರೆ ಕುದುರೆಗಳು ಸುಸ್ತಾಗಿ ಹಿಂದೆ ಬಿದ್ದವು, ತುದಿಯಲ್ಲಿ ಕುದುರೆ ಮೇಲಿಂದ ನುಗ್ಗಲು ಉಳಿದವರು ಬೆರಳೆಣಿಕೆಯ ಸವಾರರು. ಆದರೂ ಫಿರಂಗಿಗಳು ಕೈವಶವಾದವು. ಮಧ್ಯಾಹ್ನ ಎರಡರ ಹೊತ್ತಿಗೆ ಕೆಳಗಿನಿಂದ ಜೋಧ್‌ಪುರದವರು ನುಗ್ಗಿದರು. ನದಿಯ ದಂಡೆಯಲ್ಲಿ ಕುದುರೆಗಳು ಹೂತುಕೊಂಡಾಗ ಎಡಕ್ಕೆ ತಿರುಗಿ ಗುಡ್ಡದ ಬುಡದ ಮಷೀನ್ ಗನ್‌ಗಳ ಮೇಲೇ ಬಿದ್ದರು. ಜೋಧ್‌ಪುರದ ಮೇಜರ್ ದಳಪತ್ ಸಿಂಗ್ ಸತ್ತದ್ದು ಈ ದಾಳಿಯಲ್ಲೇ. ಮೈಸೂರಿನವರು ಬೆನ್ನಿಗೇ ಊರು ಹೊಕ್ಕರು.

ಸಂಜೆಗೆ 1,350 ಕೈದಿಗಳು, 17 ಫಿರಂಗಿ, 11 ಮಷೀನ್ ಗನ್ ಸಿಕ್ಕಿದ್ದವು. ದಳದಲ್ಲಿ ಸತ್ತವರು 8, ಗಾಯಗೊಂಡವರು 34. ಕುದುರೆಗಳು 60 ಸತ್ತವು. ಧೈರ್ಯ ಇದ್ದದ್ದು ನಿಜ. ಆದರೆ ಧೈರ್ಯ ಸೊಮ್‌ನಲ್ಲಿ ಸತ್ತವರಿಗೂ ಇತ್ತು, ಅಲ್ವಾ? ಹೈಫಾದಲ್ಲಿ ಶತ್ರುವಿನ ಬೆನ್ನು ಆಗಲೇ ಮುರಿದಿತ್ತು, ಮುಳ್ಳುತಂತಿ ಹೆಣೆದು ಕೂರಲು ಅವನಿಗೆ ಸಮಯ ಸಿಕ್ಕಿರಲಿಲ್ಲ. ಗುಡ್ಡದ ಮೇಲಿನ ದಾಳಿಯನ್ನೂ ಕೆಳಗಿನ ದಾಳಿಯನ್ನೂ ನಮ್ಮವರು ಸರಿಯಾಗಿ ಜೋಡಿಸಿದರು.

ನೋಡಬೇಕೆಂದರೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ದೆಹಲಿಯ ತೀನ್ ಮೂರ್ತಿಯ ಮೂರು ಸೈನಿಕರೂ ಈ ಮೂರು ಸಂಸ್ಥಾನಗಳನ್ನೇ ಪ್ರತಿನಿಧಿಸುತ್ತಾರೆ.

1918ರಲ್ಲಿ ಜರ್ಮನಿ ಇದ್ದಕ್ಕಿದ್ದಂತೆ ಯಾಕೆ ಕುಸಿಯಿತು?

ಇದ್ದಕ್ಕಿದ್ದಂತೆ ಅಲ್ಲ. ರಷ್ಯಾ ಹೊರಬಿದ್ದ ಮೇಲೆ ಪೂರ್ವದ ಸೈನಿಕರನ್ನು ಪಶ್ಚಿಮಕ್ಕೆ ತಂದು, ಅಮೆರಿಕನ್ನರು ತುಂಬಿಕೊಳ್ಳುವ ಮುಂಚೆ ಗೆದ್ದುಬಿಡೋಣ ಅಂತ ಲೂಡೆಂಡಾರ್ಫ್ ಮಾರ್ಚ್ 21ಕ್ಕೆ ದಾಳಿ ಶುರುಮಾಡಿದ. ಕೆಲವು ಕಡೆ ಅರವತ್ತು ಕಿಲೋಮೀಟರ್‌ವರೆಗೂ ಹೋದರು. ಆದರೆ ಅದೇ ಹಳೇ ಕಥೆ. ಸೈನಿಕರು ನಡೆದು ಸುಸ್ತಾದರು, ಫಿರಂಗಿ, ಊಟ ಹಿಂದೆ ಉಳಿಯಿತು, ಮಿತ್ರರಾಷ್ಟ್ರಗಳ ಮೀಸಲು ಪಡೆ ರೈಲಲ್ಲಿ ಬಂತು. ಅಮಿಯೆನ್ಸ್ ರೈಲು ಜಂಕ್ಷನ್ ಜರ್ಮನರ ಕೈಗೆ ಸಿಗಲೇ ಇಲ್ಲ. ಅವರ ಒಳ್ಳೆಯ ಸೈನಿಕರು ಆ ತಿಂಗಳುಗಳಲ್ಲೇ ಸತ್ತರು.

ಆಮೇಲೆ ಮಿತ್ರರಾಷ್ಟ್ರಗಳು ಫ್ರಾನ್ಸ್‌ನ ಮಾರ್ಷಲ್ ಫೊಶ್ ಕೈಕೆಳಗೆ ಒಂದೇ ಕಡೆ ಆಳಕ್ಕೆ ಹೋಗುವುದನ್ನು ಬಿಟ್ಟರು. ಒಂದು ಕಡೆ ಹೊಡೆ, ದಾಳಿ ನಿಧಾನವಾಯಿತಾ, ನಿಲ್ಲಿಸು, ಇನ್ನೊಂದು ಕಡೆ ಹೊಡೆ. ಜರ್ಮನರ ಮೀಸಲು ಪಡೆ ಓಡಾಡಿ ಓಡಾಡಿಯೇ ಮುಗಿಯಿತು. ಸೆಪ್ಟೆಂಬರ್ 29ಕ್ಕೆ ಜರ್ಮನರ ಗಟ್ಟಿ ರಕ್ಷಣಾ ಸಾಲಾದ ಹಿಂಡೆನ್‌ಬರ್ಗ್ ರೇಖೆ ಒಡೆಯಿತು, ಅದೇ ದಿನ ಬಲ್ಗೇರಿಯಾ ಕದನ ವಿರಾಮಕ್ಕೆ ಸಹಿ ಹಾಕಿತು. ಅಕ್ಟೋಬರ್ 30ಕ್ಕೆ ತುರ್ಕಿ, ನವೆಂಬರ್ 3ಕ್ಕೆ ಆಸ್ಟ್ರಿಯಾ. ಕೀಲ್ ಬಂದರಿನಲ್ಲಿ ಜರ್ಮನ್ ನಾವಿಕರೇ ದಂಗೆ ಎದ್ದರು. ನವೆಂಬರ್ 9ಕ್ಕೆ ಜರ್ಮನ್ ಚಕ್ರವರ್ತಿ ಕೈಸರ್ ಪಟ್ಟ ಬಿಡುತ್ತಾನೆಂದು ಬರ್ಲಿನ್‌ನಲ್ಲಿ ಸಾರಿದರು, ಮರುದಿನ ಅವನು ನೆದರ್‌ಲ್ಯಾಂಡ್ಸ್‌ಗೆ ಓಡಿದ. ಸೇನೆ ಸೋತಿರಲಿಲ್ಲ, ಊರಲ್ಲಿದ್ದವರು ಬೆನ್ನಿಗೆ ಇರಿದರು ಅಂತ ಆಮೇಲೆ ಜರ್ಮನಿಯಲ್ಲಿ ಹಬ್ಬಿಸಿದರು. ಅದು ಸುಳ್ಳು. ಸೇನೆ ರಣರಂಗದಲ್ಲೇ ಸೋತಿತ್ತು, ಕದನ ವಿರಾಮ ಕೇಳಿ ಅಂತ ಒತ್ತಾಯಿಸಿದ್ದೇ ಲೂಡೆಂಡಾರ್ಫ್.

ನವೆಂಬರ್ 11ಕ್ಕೆ ಯುದ್ಧ ಪೂರ್ತಿ ಮುಗಿಯಿತಾ?

ಇಲ್ಲ. ಅದು ಕದನ ವಿರಾಮ ಮಾತ್ರ. ಬೆಳಗಿನ ಜಾವ ಐದು ಗಂಟೆ ಸುಮಾರಿಗೆ ಕಾಂಪಿಯೆನ್ ಕಾಡಿನ ರೈಲು ಬೋಗಿಯೊಂದರಲ್ಲಿ ಸಹಿ ಬಿತ್ತು, ಜಾರಿಗೆ ಬಂದದ್ದು 11 ಗಂಟೆಗೆ. ನಡುವಿನ ಆರು ಗಂಟೆಯಲ್ಲೂ ಜನ ಸತ್ತರು. ಆಫ್ರಿಕಾದಲ್ಲಿ ಜರ್ಮನಿಯ ಸೇನಾಪತಿ ಲೆಟ್ಟೊ-ಫೋರ್ಬೆಕ್ ಶರಣಾದದ್ದು ನವೆಂಬರ್ 25ಕ್ಕೆ. ಜರ್ಮನಿ ಜೊತೆ ವರ್ಸೇಲ್ಸ್ ಒಪ್ಪಂದ ಆದದ್ದು 1919ರ ಜೂನ್ 28ಕ್ಕೆ. ತುರ್ಕಿ ಜೊತೆಗಿನ ಲೆಕ್ಕ ಲೊಸಾನ್ ಒಪ್ಪಂದದಲ್ಲಿ ಇತ್ಯರ್ಥವಾಗಲು 1923ರವರೆಗೆ ಹಿಡಿಯಿತು.